ಪ್ಯಾಚ್ ಬರುವ ತನಕ

ಮಾರ್ಚ್ 3, ಸೋಮವಾರ

ಬೆಳಗಿನಿಂದ ಅದೇ ಕೆಲಸ. ಬೇಕೆಂದೇ ಕೆಡಿಸಿದ ಡಿಸ್ಕ್ ಇಮೇಜ್‌ಗಳನ್ನು ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ಗೆ ಉಣಿಸುವುದು, ಎಲ್ಲಿ ಎಡವುತ್ತದೆ ನೋಡುವುದು. ಊಟಕ್ಕೆ ಏಳಬೇಕು, ಅಷ್ಟರಲ್ಲಿ ಎಡವಿತು — ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ಫೈಲ್‌ಸಿಸ್ಟಮ್. ಫೈಲಿನ ಹೆಸರು ಇಷ್ಟುದ್ದ ಎಂದು ಡಿಸ್ಕ್ ಹೇಳುತ್ತದೆ, ಕರ್ನಲ್ ಅಳೆದು ನೋಡದೆ ನಂಬುತ್ತದೆ, ಪಕ್ಕದ ಮೆಮೊರಿಯ ಮೇಲೆಲ್ಲ ಬರೆದುಬಿಡುತ್ತದೆ. ಕೋಲೆಬಸವನಂಥ ಕೋಡ್. ತಿಳಿದವರು ತಯಾರಿಸಿದ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಇಡೀ ಕಂಪ್ಯೂಟರ್ ಅವರ ಕೈಗೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ

ಸೆಕ್ಯುರಿಟಿಯವರ ಗುಟ್ಟಿನ ಮೇಲಿಂಗ್ ಲಿಸ್ಟ್‌ಗೆ ಬರೆದೆ. ಲಿಸ್ಟ್ ನೋಡಿಕೊಳ್ಳುವ ಹಿರಿಯರು ಫೋನ್ ಮಾಡಿದರು. "ಇಪ್ಪತ್ತೊಂದಕ್ಕೆ ಎಲ್ರೂ ಒಟ್ಟಿಗೆ ತೂತು ಮುಚ್ಚೋ ಪ್ಯಾಚ್ ಬಿಡೋಣ. ಅಲ್ಲಿ ತನಕ ಎಂಬಾರ್ಗೊ. ಮನೆಯವರಿಗೂ ಹೇಳೋ ಹಾಗಿಲ್ಲ." ಸರಿಯೇ. ಹೊಸ ಬೀಗ ತರುವ ಮುಂಚೆ ಹಳೆಯದು ಮುರಿದಿದೆ ಎಂದು ಯಾರೂ ಸಾರುವುದಿಲ್ಲ.

ಮಾರ್ಚ್ 5, ಬುಧವಾರ

ನಿದ್ದೆ ಹತ್ತುತ್ತಿಲ್ಲ. ಅಕ್ಕನದು ಜೆರಾಕ್ಸ್ ಅಂಗಡಿ. ದಾರಿಹೋಕರ ಪೆನ್‌ಡ್ರೈವ್‌ಗಳೆಲ್ಲ ಅವಳ ಕಂಪ್ಯೂಟರ್‌ಗೇ. ಅದರಲ್ಲಿರುವುದೂ ಇದೇ ಕರ್ನಲ್ — ಹಾಕಿಕೊಟ್ಟವಳು ನಾನೇ. ಇವತ್ತು ಹೋಗಿದ್ದೆ.

"ಪೆನ್‌ಡ್ರೈವ್ ತಗೋಬೇಡ. ಮೇಲ್ ಮಾಡಿಸ್ಕೋ."

"ಯಾಕೆ?"

"ಸುಮ್ನೆ."

"ಸುಮ್ನೆ ಅಂಗಡಿ ಮುಚ್ಚು ಅಂತೀಯಾ?" ನಕ್ಕಳು.

ಟೀ ತರಲು ಹೋದಳು. ಆ ಫೈಲ್‌ಸಿಸ್ಟಮ್ ಒಂದನ್ನೇ ಆಫ್ ಮಾಡಿದೆ, ಒಂದು ಸಾಲಿನ ಕೆಲಸ. ಈ ಕಾಲದಲ್ಲಿ ಅದನ್ನು ಬಳಸುವವರು ಯಾರು? ಬಾಯಿಬಿಟ್ಟು ಹೇಳಿಲ್ಲ, ಆದ್ದರಿಂದ ಮಾತು ತಪ್ಪಿಲ್ಲ... ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು.

ಮಾರ್ಚ್ 10, ಸೋಮವಾರ

ಬಳಸುವವರಿದ್ದಾರೆ. ಅಕ್ಕನ ದೊಡ್ಡ ಗಿರಾಕಿ, ಸ್ಟುಡಿಯೋದ ಫೋಟೋಗ್ರಾಫರ್. ಅವರ ಹಳೆಯ ಡಿಸ್ಕ್ ತೆರೆಯಲಿಲ್ಲ. ಬೈದು ಬೇರೆ ಅಂಗಡಿಗೆ ಹೋದರಂತೆ.

ಭಾವ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವವರು. ನಾನು ಬರೆದ ಸಾಲು ಹುಡುಕಿ ಹಿಡಿದು, ಇಂಟರ್‌ನೆಟ್ ಫೋರಮ್‌ನಲ್ಲಿ ಕೇಳಿದ್ದಾರೆ: "ನನ್ನ ನಾದಿನಿ ಕರ್ನಲ್ ಸೆಕ್ಯುರಿಟಿ ಕೆಲಸದಲ್ಲಿದ್ದಾಳೆ. ಇದೊಂದೇ ಫೈಲ್‌ಸಿಸ್ಟಮ್ ಆಫ್ ಮಾಡಿ ಹೋಗಿದ್ದಾಳೆ. ಪೆನ್‌ಡ್ರೈವೇ ಬೇಡ ಅಂತಾಳೆ. ಯಾಕಿರಬಹುದು?"

ತಿಳಿದವರಿಗೆ ಅಷ್ಟೇ ಸಾಕು. ಮಧ್ಯಾಹ್ನದೊಳಗೆ ಯಾರೋ ಕೋಡ್‌ನಲ್ಲಿ ತೂತಿರುವ ಜಾಗಕ್ಕೇ ಬೆರಳಿಟ್ಟಿದ್ದರು.

ಮಾರ್ಚ್ 11, ಮಂಗಳವಾರ

ದಾಳಿಯ ಕೋಡ್ ಎಲ್ಲರಿಗೂ ಸಿಗುವ ಹಾಗೆ ಬಂದಿದೆ. ಪ್ಯಾಚ್ ಅವಸರ ಅವಸರವಾಗಿ ಬಿಟ್ಟೆವು, ಟೆಸ್ಟ್ ಅರ್ಧವೂ ಆಗಿರಲಿಲ್ಲ. ಸೋರಿಕೆ ನನ್ನಿಂದಲೇ ಎಂದು ಹಿರಿಯರಿಗೆ ಹೇಳಿದೆ. ಬೈಯಲಿಲ್ಲ. "ಲಿಸ್ಟಿಂದ ನಿನ್ನ ಹೆಸರು ತೆಗೀತಾ ಇದೀನಮ್ಮ" ಎಂದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಅಕ್ಕನಿಗೆ ಫೋನ್. ಬಂದು ಅಪ್‌ಡೇಟ್ ಮಾಡಿಕೊಡುತ್ತೇನೆ ಎಂದೆ.

"ನೀನು ಉದ್ಧಾರ ಮಾಡಿದ್ದು ಸಾಕು ಕಣೇ. ನಿಮ್ಮ ಭಾವ ಎಲ್ಲ ಮೊದಲಿನ ಹಾಗೆ ಮಾಡಿದಾರೆ. ಇನ್ಮೇಲೆ ನನ್ನ ಕಂಪ್ಯೂಟರ್ ಮುಟ್ಟಬೇಡ."

ಆಗ ಹೇಳಬಹುದಿತ್ತು. ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ, ನನ್ನ ಬಾಯಿ ಕಟ್ಟಿದವರು ಯಾರೂ ಇರಲಿಲ್ಲ. ಆದರೆ ನನಗೂ ಸಿಟ್ಟು. ಅವಳ ಗಂಡನಿಂದಲ್ಲವೇ ನನ್ನ ಹೆಸರು ಹೋದದ್ದು? "ನಿನ್ನಿಷ್ಟ" ಎಂದು ಫೋನ್ ಇಟ್ಟೆ.

ಮಾರ್ಚ್ 13

ಫೋನ್ ಮಾಡಿಲ್ಲ. ಅವಳೇ ಮಾಡಲಿ.

ಮಾರ್ಚ್ 22, ಶನಿವಾರ

ಅವಳೇ ಮಾಡಿದಳು. ದನಿ ಗುರುತೇ ಸಿಗಲಿಲ್ಲ.

ಜೆರಾಕ್ಸ್‌ಗೆಂದು ಜನ ಕೊಟ್ಟ ಪಾಸ್‌ಪೋರ್ಟ್, ಗುರುತಿನ ಚೀಟಿ, ಆಸ್ಪತ್ರೆ ರಿಪೋರ್ಟ್ — ಸ್ಕ್ಯಾನ್ ಮಾಡಿದ್ದೆಲ್ಲ ಯಾರೋ ಕದ್ದು ಇಂಟರ್‌ನೆಟ್‌ನಲ್ಲಿ ಹಾಕಿದ್ದಾರೆ. ಓಡಿಹೋದರೆ ಅಂಗಡಿ ಮುಂದೆ ಜನ. ಒಬ್ಬ ಹೆಂಗಸು ತನ್ನ ರಿಪೋರ್ಟ್ ಇಡೀ ಆಫೀಸಿನವರು ಓದಿದರು ಎಂದು ಅಳುತ್ತಿದ್ದಳು. ಅಕ್ಕ ಶಟರ್ ಅರ್ಧ ಇಳಿಸಿ ಒಳಗೆ ಕೂತಿದ್ದಳು.

ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ಲಾಗ್ ನೋಡಿದೆ. ಅದೇ ತೂತು. ಯಾವುದೋ ಪೆನ್‌ಡ್ರೈವ್, ಮೊನ್ನೆ ಮಂಗಳವಾರ. ಪ್ಯಾಚ್ ಹಾಕಿದ್ದರೆ ಬಾಗಿಲಲ್ಲೇ ನಿಲ್ಲುತ್ತಿತ್ತು.

"ವಾಪಸ್ ಆನ್ ಮಾಡಿದ್ದು ನಾನೇ. ತಪ್ಪೆಲ್ಲ ನಂದೇ," ಎಂದರು ಭಾವ. ಅವರ ಮುಖ ನೋಡಲಾಗಲಿಲ್ಲ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಹೀಗಾಗಬಹುದು ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

ಗೊತ್ತಿತ್ತು ಎಂದೆ. ಪ್ಯಾಚ್ ಬರುವ ತನಕ ಹೇಳುವ ಹಾಗಿರಲಿಲ್ಲ ಎಂದೆ.

"ಸರಿ. ಬಂದ ಮೇಲೆ?"

ಬಂದ ಮೇಲೆ ನಾನು —