ನಿನ್ನ ಹಕುನಾ ಮಟಾಟಾ, ನನ್ನ ಅಕ್ಕಿ ಬುಟ್ಟಿ

ಶಾರದಕ್ಕಾ,

ನೀನು ಹೋಗಿ ಮೂರು ತಿಂಗಳಾಯಿತು, ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಹೋಗಿಲ್ಲ. ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ತಡೆದು, "ಶಾರದಕ್ಕನ ಕಾಶಿಹಲ್ವ ಇನ್ನೆಲ್ಲಿ ಸಿಗ್ಬೇಕು ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡರು. ಆ ಕುಂಬಳಕಾಯಿ ತುರಿದು ತೋಳು ಬಿದ್ದುಹೋದದ್ದು ಯಾರದ್ದು? ಹದಿನೆಂಟು ವರ್ಷ ಮದುವೆಮನೆಗಳಲ್ಲಿ ನಿನ್ನ ಜೊತೆ ಅಡುಗೆ ಮಾಡಿದೆ. ಬೆವರು ನನ್ನದು, ಹೆಸರು ನಿನ್ನದು.

ನೀನು ಮೊಮ್ಮಗಳ ಜೊತೆ ಟಿವಿಯಲ್ಲಿ ಕಾರ್ಟೂನು ನೋಡಿ ಬಂದ ದಿನ ನೆನಪಿದೆಯಾ? "ಹಕುನಾ ಮಟಾಟಾ ಅಂದ್ರೆ ಆಫ್ರಿಕಾದ ಕಡೆ ಭಾಷೇಲಿ ಎಂತದೂ ಚಿಂತೆ ಇಲ್ಲ ಅಂತ ಕಣೇ" ಎಂದೆ. ಅವತ್ತಿನಿಂದ ಅದೇ ಮಂತ್ರ. ಮುನ್ನೂರು ಜನ ಅಂದವರು ನಾನೂರು ಜನರನ್ನು ಕರೆದರೂ ಹಕುನಾ ಮಟಾಟಾ, ಗ್ಯಾಸ್ ಮುಗಿದರೂ ಹಕುನಾ ಮಟಾಟಾ. ಮದುಮಕ್ಕಳ ಅಮ್ಮಂದಿರು ನಿನ್ನ ಕೈ ಹಿಡಿದು ನಗುತ್ತಿದ್ದರು. ನನ್ನ ಕೈ ಯಾರೂ ಹಿಡಿಯಲಿಲ್ಲ, ಅದರಲ್ಲಿ ಸೌಟಿತ್ತಲ್ಲ.

ಪ್ರತಿ ಮದುವೆಯಲ್ಲೂ ನಾನು ಒಂದು ಬುಟ್ಟಿ ಅಕ್ಕಿ ತೊಳೆದು, ಬಾಳೆಲೆ ಮುಚ್ಚಿ, ಒಲೆಯ ಹಿಂದೆ ಇಡುತ್ತಿದ್ದೆ. ಕೊನೆಯ ಪಂಕ್ತಿಗೆ ಅನ್ನ ಸಾಲದಿದ್ದರೆ ಇರಲಿ ಎಂದು. ನಿನಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಚಿಂತೆಯೆಲ್ಲ ನಾನೇ ಮಾಡಿದರೆ ನಿನಗೆಲ್ಲಿಂದ ಬರಬೇಕು?

ಮೆಣಸೆಯ ಆ ಮದುವೆ... ಕೊನೆಯ ಪಂಕ್ತಿ ಕೂತಿತ್ತು, ಅನ್ನದ ಹಂಡೆಯ ತಳ ಕಂಡಿತ್ತು. ನೀನು ಸೀದಾ ಒಲೆಯ ಹಿಂದೆ ಹೋಗಿ ಬಗ್ಗಿ ಕೈ ಚಾಚಿದೆ. ಅಂದರೆ ಮೊದಲಿನಿಂದಲೂ ಗೊತ್ತಿತ್ತು ನಿನಗೆ! ಬುಟ್ಟಿ ಇರಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದೆ. ಆ ಮಂತ್ರ ನಿನ್ನ ಬಾಯಿಂದ ಬರಲಿಲ್ಲ. ಆಮೇಲೆ ಅವಲಕ್ಕಿಗೆ ಮೊಸರು ಕಲಸಿ ನೀನೇ ಬಡಿಸಿದೆ. ಅನ್ನ ಯಾಕಿಲ್ಲ ಎಂದವರಿಗೆ "ಸುಮಿತ್ರಂಗೆ ಬೆಳಗ್ಗಿಂದ ತಲೆನೋವು, ಪಾಪ, ಮರ್ತುಬಿಟ್ಳು" ಎಂದು ನನ್ನನ್ನು ಕಾಪಾಡಿಯೂ ಬಿಟ್ಟೆ. ಹೊಟ್ಟೆ ಇನ್ನಷ್ಟು ಉರಿಯಿತು. ಬೈದಿದ್ದರೆ ಎಷ್ಟೋ...

ಕಳೆದ ವಾರ ನಿನ್ನ ಮಗಳು ವೀಣಾ ಎನ್.ಆರ್.ಪುರದಿಂದ ಬಂದಿದ್ದಳು. "ಅಮ್ಮ ಮನೇಲಿ ಹೇಳ್ತಿದ್ರು, ಸುಮಿತ್ರಾ ಜೊತೆಗಿದ್ರೆ ಹಕುನಾ ಮಟಾಟಾ, ಅವ್ಳು ಬರ್ದಿದ್ದ ದಿನ ನಂಗೆ ಕೈಕಾಲು ನಡುಗ್ತದೆ ಅಂತ" ಎಂದಳು. ಆ ಮಾತನ್ನು ನನಗೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಈಗ ಅದನ್ನು ಕೇಳಿಸಿಕೊಂಡ ವೀಣಾಳ ಮೇಲೂ ನನಗೆ ಹೊಟ್ಟೆಕಿಚ್ಚು.

ನಾಳೆ ಹಿರೇಕೊಡಿಗೆಯಲ್ಲಿ ಮದುವೆ. ಈಗ ನನ್ನನ್ನೇ ಕರೆಯುತ್ತಾರೆ, ಹೆಸರೂ ನನ್ನದೇ. ನಿನಗೆ ಗೊತ್ತಿಲ್ಲದ ಸುದ್ದಿ ಒಂದೇ ಅಕ್ಕ: ಮೆಣಸೆಯಲ್ಲಿ ನನಗೆ ತಲೆನೋವು ಇರಲಿಲ್ಲ, ಮರೆತೂ ಇರಲಿಲ್ಲ. ಒಮ್ಮೆಯಾದರೂ ನೀನು ಹೆದರಬೇಕು ಎಂದು ಬೇಕೆಂದೇ ಅಕ್ಕಿ ಇಡಲಿಲ್ಲ.

ನಾಳೆ ಬುಟ್ಟಿ ಇಡುತ್ತೇನೆ. ಅದನ್ನು ನಂಬಿ ನಗುವವರು ಯಾರೂ ಇಲ್ಲ.

ನಿನ್ನ,
ಸುಮಿತ್ರಾ