ಹುಂಜಕ್ಕೆ ಉಪದೇಶ ಬೇಡ

ರೀ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಅಟ್ಟದಲ್ಲಿ ಬಚ್ಚಿಟ್ಟಿದ್ದ ಕಡೇ ಬಾಟ್ಲಿಯನ್ನ ಯೇಸುವಿನ ಹೆಸರಲ್ಲಿ ಹಿತ್ತಲಿಗೆ ಸುರಿದಿರಲ್ಲ, ಬಹಳ ಸಂತೋಷ. ಆದರೆ ಸುರಿದದ್ದು ಹುಂಜದ ನೀರಿನ ಬೋಗುಣಿಗೆ. ನೀವು ಸಾಕ್ಷಿ ಹೇಳೋಕೆ ಚರ್ಚಿಗೆ ಓಡಿದ ಮೇಲೆ ಅದು ಪಕ್ಕದ ಮನೆ ನಾಯಿಯನ್ನ ಜಗಳಕ್ಕೆ ಕರೆದು, ಸೋತು, ಈಗ ನಿಮ್ಮ ಕುರ್ಚಿ ಕೆಳಗೆ ಅಂಗಾತ ಬಿದ್ದಿದೆ.

ಎಬ್ಬಿಸಬೇಡಿ. ಎದ್ದಾಗ ಬರೀ ನೀರು ಕೊಡಿ. ಬೈಬಲ್ ಓದಿ ಹೇಳಬೇಡಿ, ತಲೆ ಸಿಡೀತಿರುತ್ತೆ. ಇನ್ನು ಮುಟ್ಟಲ್ಲ ಅಂತ ಕೂಗಿದರೆ ನಂಬಿದ ಹಾಗೆ ತಲೆಯಾಡಿಸಿ. ಕಕ್ಕಿದರೆ ಒರೆಸಿ. ಒರೆಸೋ ಬಟ್ಟೆ ಎಲ್ಲಿರುತ್ತೆ ಅಂತ ನಿಮಗೆಲ್ಲಿ ಗೊತ್ತು, ಬಚ್ಚಲ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದೀನಿ. ಪಕ್ಕದ ಮನೆಯವರು ಕೇಳಿದರೆ ಜ್ವರ ಅನ್ನಿ. ನಾನು ಹಾಗೇ ಅಂತಿದ್ದೆ.

ದೇವರು ನಿಮ್ಮನ್ನ ಕ್ಷಮಿಸಿದ್ದಾನೆ ಅಂದರು ಪಾದ್ರಿಯವರು. ಆತನಿಗೇನು, ಆ ಬಟ್ಟೆ ಹಿಂಡೋ ಕೆಲಸ ಇರಲಿಲ್ಲ. ನನಗೆ ಇನ್ನೂ ಸ್ವಲ್ಪ ಕಾಲ ಬೇಕು.

ಇಷ್ಟು ವರ್ಷ ಪಕ್ಕದ ಮನೇಲಿ ಕೊಟ್ಟು ಹೋಗ್ತಿದ್ದೆನಲ್ಲ, ದುಡ್ಡಿಡೋ ಬೀರುವಿನ ಬೀಗದ ಕೈ, ಅದು ಇವತ್ತು ನಿಮ್ಮ ದಿಂಬಿನ ಕೆಳಗಿದೆ.