ನುಂಗಿದ್ದು ಅರಗದ ರಕ್ತ

ಕೊಡಿಗೇಹಳ್ಳಿ
ಗುರುವಾರ, ೧೪-೧೧-೧೯೬೮

ನನ್ನ ಮಗಳು ಸೊಣ್ಣಮ್ಮನಿಗೆ ನಿನ್ನವ್ವ ಮಾಡುವ ಆಶೀರ್ವಾದ. ನಾವಿಲ್ಲಿ ಉಂಡುಕೊಂಡು ಇದ್ದೇವೆ, ನಿದ್ದೆ ಮಾತ್ರ ಇಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಅಕ್ಷರ ತಪ್ಪಿದ್ದರೆ ಕೂಡಿಸಿ ಓದಿಕೋ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಲಕ್ಕಣ್ಣನ ರಕ್ತದ ಬಿಳಿ ಕಣಗಳು ರೋಗದ ಕ್ರಿಮಿಯನ್ನು ನುಂಗುತ್ತವೆ, ಆದರೆ ಕೊಲ್ಲಲಾರವು ಎಂದು ಡಾಕ್ಟರು ಹೇಳಿದರು ಅಂತ ಬರೆದಿದ್ದೀಯ. ಬಣ್ಣ ಹಾಕಿದರೆ ಬೇರೆಯವರ ಕಣ ನೀಲಿಯಾಗುತ್ತದೆ, ನಿನ್ನ ಮಗನದು ಆಗಲಿಲ್ಲವಂತೆ. ಅಂದರೆ ನುಂಗಿದ್ದು ಅರಗುವುದಿಲ್ಲ ಅಂತ ತಾನೇ? ಅರಗದೆ ಉಳಿದದ್ದರ ಸುತ್ತ ಇನ್ನಷ್ಟು ಕಣ ಬಂದು ಮುತ್ತಿಕೊಂಡು ಗಡ್ಡೆ ಕಟ್ಟುತ್ತದೆ. ಕತ್ತಿನ ಗಡ್ಡೆ, ತೊಡೆಯ ಕೀವು, ಎಲ್ಲ ಅದೇ. ಅವನು ಇಲ್ಲಿಗೆ ಬಂದಾಗಲೆಲ್ಲ ನಾನು ಉಷ್ಣ ಅಂದುಕೊಂಡು ಎಳನೀರು ಕುಡಿಸಿದೆ.

ಡಾಕ್ಟರು ಎರಡು ಮಾತು ಕೇಳಿದ್ದಾರೆ. ತಾಯಿ ಕಡೆ ಗಂಡುಮಕ್ಕಳು ಹೀಗೆ ಸತ್ತಿದ್ದಾರಾ? ಈಚೆಗೆ ಮಗು ಗೊಬ್ಬರ, ಕೊಳೆತ ಹುಲ್ಲು ಇರುವ ಕಡೆ ಆಡಿತ್ತಾ? ಅವನ ಎದೆಯೊಳಗೆ ಸೇರಿರುವುದು ಬೂಸ್ಟಾದರೆ ಔಷಧಿಯೇ ಬೇರೆ, ಈಗ ಕೊಡುತ್ತಿರುವ ಸೂಜಿಮದ್ದು ನಾಟುವುದಿಲ್ಲ ಅಂತ.

ಮೊದಲನೆಯದಕ್ಕೆ ಹೇಳುತ್ತೇನೆ. ನಿನಗಿಂತ ಮುಂಚೆ ನನಗೆ ಇಬ್ಬರು ಗಂಡುಮಕ್ಕಳಿದ್ದರು. ದೊಡ್ಡವನು ಚಿಕ್ಕಬೈರಪ್ಪ ನಾಲ್ಕು ವರ್ಷಕ್ಕೆ ಹೋದ, ಕತ್ತಿನ ಗಡ್ಡೆ ಒಡೆದದ್ದು ಮಾಯಲೇ ಇಲ್ಲ. ಎರಡನೆಯವನಿಗೆ ಹನ್ನೊಂದು ತಿಂಗಳು, ಹೊಟ್ಟೆಯಲ್ಲಿ ಕೀವು. ಇಬ್ಬರಿಗೂ ಸಿಡುಬು ಅಂತ ನಿಮ್ಮಪ್ಪ ಊರಿಗೆ ಹೇಳಿದರು. ನಿನ್ನನ್ನು ನೋಡಲು ಬಂದವರಿಗೆ ನಾನು ಹೆತ್ತದ್ದು ಇವಳೊಬ್ಬಳನ್ನೇ ಅಂದೆ. ಗಡ್ಡೆ ಬರುವ ಮನೆ ಅಂದರೆ ಯಾರು ಹೆಣ್ಣು ತಗೊಳ್ಳುತ್ತಾರೆ? ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ ಅಂತ ನನಗೇನು ಗೊತ್ತಿತ್ತು, ಸೊಣ್ಣಿ.

ಎರಡನೆಯದು ಬರೆಯಲು ಕೈ ಬರುತ್ತಿಲ್ಲ. ದೀಪಾವಳಿಗೆ ಬಂದಾಗ ನೀನೊಂದು ದಿನ ಹೆಬ್ಬಾಳಕ್ಕೆ ಹೋಗಿದ್ದೆಯಲ್ಲ, ಅವತ್ತು ಪಕ್ಕದ ಮನೆ ಗೋಪಾಲಮ್ಮ ಬಂದಳು. ಅವಳಿಗೆ ಹಳೆಯದೆಲ್ಲ ಗೊತ್ತು. "ಗಂಡು ನಿಲ್ದಿರೋ ಮನೇಲಿ ಕೂಸ್ನ ತಿಪ್ಪೆ ಮೇಲ್ ಆಕ್ಬೇಕು ಕಣೇ. ಕಸ ಅಂತ ಯಮ ಮೂಸ್ನೋಡಿ ಬಿಟ್ಟೋಯ್ತಾನೆ" ಅಂದಳು. ಹುಟ್ಟಿದ ಕೂಸಿಗೆ ಮಾಡುವುದು ಅದು, ಇವನಿಗೆ ಆರು ವರ್ಷ ಅಂದೆ. "ಯಮ ಏನ್ ಜಾತ್ಕ ಇಸ್ಕೊಂಡ್ ನೋಡ್ತಾನಾ? ಎತ್ಕೊಂಬಾ" ಅಂದಳು.

ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ ಮೂರು ಸಲ ಉರುಳಿಸಿದೆವು. ಹೋದ ವರ್ಷದ ಕೊಳೆತ ಹುಲ್ಲಿನಿಂದ ಬೂಸ್ಟು ಬೆಳ್ಳಗೆ ಹೊಗೆಯ ಹಾಗೆ ಎದ್ದಿತು. ಅವನು ಕೆಮ್ಮಿಕೊಂಡೇ ನಕ್ಕು, "ಅಜ್ಜಿ, ನಾನೇನ್ ಸಗಣೀನಾ?" ಅಂದ. ಗೋಪಾಲಮ್ಮ ಎತ್ತಿಕೊಂಡಳು. ನಾನು ಒಂದು ಮೊರ ತೌಡು ಕೊಟ್ಟು, ಕ್ರಯಕ್ಕೆ ಕೊಂಡ ಹಾಗೆ ಅವಳಿಂದ ಮಗುವನ್ನು ಈಸಿಕೊಂಡೆ. ನೀನು ಬರುವಷ್ಟರಲ್ಲಿ ನೀರು ಹಾಕಿದ್ದೆ, ಕೇಳಿದ್ದಕ್ಕೆ ಕೆಸರಲ್ಲಿ ಬಿದ್ದ ಅಂದೆ. ಹತ್ತು ದಿನಕ್ಕೆ ಅವನಿಗೆ ಕೆಮ್ಮು, ಜ್ವರ ಅಂತ ನಿನ್ನ ಕಾಗದ ಬಂತು.

ಉಳಿಯಲಿ ಅಂತ ಮಾಡಿದ್ದು. ಇದನ್ನು ಹರಿಯಬೇಡ, ಡಾಕ್ಟರಿಗೆ ಪೂರ್ತಿ ಓದಿ ಹೇಳು. ಅಳಿಯಂದಿರು ರಾಮಕೃಷ್ಣಪ್ಪನವರಿಗೂ ಓದು, ಏನು ಬೈದರೂ ಬೈಯಲಿ. ನನ್ನ ರಕ್ತ ನೋಡಬೇಕು ಅಂದರೆ ಬಂದು ಕೊಡುತ್ತೇನೆ.

ಇಂತಿ ನಿನ್ನವ್ವ,
ಮುನಿವೆಂಕಟಮ್ಮ

ಮರೆತದ್ದು: ಇದನ್ನು ಅಂಚೆಗೆ ಹಾಕಿಲ್ಲ, ಯಶವಂತಪುರಕ್ಕೆ ಗಾಡಿ ಹೊಡೆಯುವ ಪಿಳ್ಳಣ್ಣನ ಕೈಲಿ ಕಳಿಸಿದ್ದೇನೆ. ಮರೆತದ್ದು ಅಂದೆ, ಮರೆತಿರಲಿಲ್ಲ. ಮಂಗಳವಾರ ನಾನೇ ನಿನಗೊಂದು ಕಾರ್ಡು ಹಾಕಿದೆ. ನಮ್ಮ ಕಡೆ ಗಂಡು ಸತ್ತಿಲ್ಲ, ಮಗು ಅಂಗಳ ಬಿಟ್ಟು ಎಲ್ಲೂ ಆಡಿಲ್ಲ ಅಂತ ಅದರಲ್ಲಿ ಬರೆದಿದ್ದೇನೆ. ಅದನ್ನು ಡಾಕ್ಟರಿಗೆ ಆಗಲೇ ತೋರಿಸಿದ್ದರೆ, ಊಟಕ್ಕೆ ಕೂರಬೇಡ, ಎದ್ದು ಆಸ್ಪತ್ರೆಗೆ ಹೋಗು.